ಬಿದ್ದ ಚಿಪ್ಪಿಗೆ ಒಡೆಯನಾರು?

ಕಾರ್ಕಳದಲ್ಲಿ 1432 ರಲ್ಲಿ ಪ್ರತಿಷ್ಠಾಪಿತವಾದ ಬಾಹುಬಲಿ ಮೂರ್ತಿಯ ದರ್ಶನ ಮುಗಿಸಿದ ಕುಟುಂಬಗಳು ಸಂಜೆಯ ಹೊತ್ತಿಗೆ ಪಡುಬಿದ್ರಿಯ ಕಡಲತೀರಕ್ಕೆ ಹೋಗುವುದುಂಟು. ಅಲ್ಲಿ ಒಂದೆಡೆ ಕಾಮಿನಿ ಹೊಳೆ, ಇನ್ನೊಂದೆಡೆ ಅರಬ್ಬೀ ಸಮುದ್ರ, ನಡುವೆ ಮರಳಿನ ಹಾಸು. ಸ್ವಚ್ಛತೆ, ಸುರಕ್ಷತೆಗಳಿಗಾಗಿ ನೀಡುವ ‘ಬ್ಲೂ ಫ್ಲ್ಯಾಗ್’ ಮನ್ನಣೆ 2020 ರಲ್ಲಿ ಈ ತೀರಕ್ಕೆ ದೊರೆಯಿತು. ಹಿರಿಯರು ವಿಶ್ರಮಿಸುತ್ತಾರೆ, ಮಕ್ಕಳು ತೆರೆಯಂಚಿನಲ್ಲಿ ಚಿಪ್ಪು ಆಯುತ್ತಾರೆ. ಇದಕ್ಕಿಂತ ನಿರ್ದೋಷವಾದ ವಿನೋದ ಬೇರೊಂದಿಲ್ಲವೆಂದು ತೋರುತ್ತದೆ. ಆದರೆ ಮನೆಗೆ ಹೊರಟಾಗ ಚಿಪ್ಪು ತುಂಬಿದ ಆ ಪುಟ್ಟ ಚೀಲ ವಿಚಾರಶೀಲರ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ: ಇದು ಯಾರ ವಸ್ತು?

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥನ ಅಚೌರ್ಯಾಣುವ್ರತವು ಕೆಳಗೆ ಬಿದ್ದುದಕ್ಕೂ, ಮರೆತುಹೋದುದಕ್ಕೂ ಅನ್ವಯಿಸುತ್ತದೆ. ಆದರೆ ಅಲ್ಲಿಯ ಮಾತು ಪರರ ಸ್ವತ್ತನ್ನು ಕುರಿತದ್ದು. ಕಡಲು ಎಸೆದ ಚಿಪ್ಪಿಗೆ ಒಡೆಯನಿಲ್ಲ. ಆದ್ದರಿಂದ ಅದನ್ನು ಎತ್ತಿಕೊಂಡ ಮಗುವನ್ನು ಕಳ್ಳನೆನ್ನುವುದು ವ್ರತದ ಅರ್ಥವನ್ನು ಮೀರಿದ ಕಠೋರತೆಯಾದೀತು. ಇಷ್ಟನ್ನು ಒಪ್ಪಲೇಬೇಕು.

ಹಾಗಾದರೆ ಪ್ರಶ್ನೆ ಮುಗಿಯಿತೇ? ಇಲ್ಲ. ಒಡೆಯನಿಲ್ಲದ ವಸ್ತುವಿಗೂ ಆಶ್ರಿತರಿರಬಹುದು. ಸನ್ಯಾಸಿ ಏಡಿಯೆಂಬ ಜೀವಿಯ ಹಿಂಭಾಗ ಮೆದುವಾದುದು. ಅದು ತನಗೆ ತಾನೇ ಚಿಪ್ಪನ್ನು ಕಟ್ಟಿಕೊಳ್ಳಲಾರದು. ಸತ್ತ ಶಂಖಜೀವಿಯ ಬರಿದಾದ ಚಿಪ್ಪೇ ಅದರ ಮನೆ; ಬೆಳೆದಂತೆಲ್ಲ ಅದಕ್ಕೆ ಇನ್ನೂ ದೊಡ್ಡದೊಂದು ಬೇಕು. ಮುಟ್ಟಿದೊಡನೆ ಅದು ಒಳಗೆ ಮುದುಡಿಕೊಳ್ಳುವುದರಿಂದ, ಬರಿದೆಂದು ಬಗೆದು ಚೀಲಕ್ಕೆ ಹಾಕಿದ ಚಿಪ್ಪಿನಲ್ಲಿ ಒಂದು ಪ್ರಾಣವೇ ಇರಬಹುದು. ಶಂಖ, ಸಿಂಪಿಗಳಲ್ಲಿ ವಾಸಿಸುವ ಜೀವಗಳನ್ನು ಜೈನಾಗಮವು ದ್ವೀಂದ್ರಿಯಗಳೆಂದು ಗಣಿಸಿದೆ. ಅವು ಕೂಡ ಕೆಲವೊಮ್ಮೆ ಜೀವಸಹಿತವಾಗಿಯೇ ದಡ ಸೇರುತ್ತವೆ. ಅಚೌರ್ಯದ ಪ್ರಶ್ನೆ ಇಲ್ಲಿ ಅಹಿಂಸೆಯ ಪ್ರಶ್ನೆಯಾಗಿ ಮಾರ್ಪಡುತ್ತದೆ.

ಅಂಗಡಿಯಲ್ಲಿ ಹೊಳೆಯುವ ಚಿಪ್ಪನ್ನು ಕೊಂಡರೆ ದೋಷ ತಪ್ಪುವುದೆಂಬ ವಾದವೂ ನಿಲ್ಲದು. ವ್ಯಾಪಾರಕ್ಕಾಗಿ ಅನೇಕ ಚಿಪ್ಪುಗಳನ್ನು ಜೀವಿ ಬದುಕಿರುವಾಗಲೇ ಸಂಗ್ರಹಿಸಲಾಗುತ್ತದೆ. 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಲವು ಶಂಖ, ಕವಡೆ ಜಾತಿಗಳಿಗೆ ರಕ್ಷಣೆ ನೀಡಿದೆ. ಕಾಯ್ದೆಯು ಕನಿಷ್ಠ ಮೇರೆಯನ್ನು ಮಾತ್ರ ಗುರುತಿಸುತ್ತದೆ. ವಿವೇಕ ಅದರಾಚೆಗೂ ನಡೆಯಬೇಕು.

ಇದರಿಂದ ಕಡಲತೀರವೇ ವರ್ಜ್ಯವೆಂದು ಹೇಳಿದಂತಾಗದು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ, ಆನಂದದಲ್ಲಲ್ಲ. ಗದರಿಸಲ್ಪಟ್ಟ ಮಗು ಭಯವನ್ನು ಕಲಿಯುತ್ತದೆ, ದಯೆಯನ್ನಲ್ಲ. ತಂದೆತಾಯಿಯರು ಮಗುವಿನೊಡನೆ ಕುಳಿತು, ಚಿಪ್ಪನ್ನು ಮರಳ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕಾಯಲಿ. ಒಳಗೆ ಏಡಿಯಿದ್ದರೆ ಅದು ಮೆಲ್ಲನೆ ಕಾಲು ಚಾಚಿ ಹೊರಡುತ್ತದೆ. ಅದನ್ನು ಕಂಡ ಮಗುವಿಗೆ ಬೇರೆ ಉಪದೇಶ ಬೇಕಾಗದು. ಏನೂ ಚಲಿಸದಿದ್ದರೂ ಚಿಪ್ಪನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು. ನಾಳೆ ಅದು ಯಾವುದೋ ಜೀವಕ್ಕೆ ಮನೆಯಾದೀತು. ಮೆಚ್ಚಿದ್ದನ್ನೆಲ್ಲ ತನ್ನದಾಗಿಸಿಕೊಳ್ಳಬೇಕಿಲ್ಲವೆಂಬ ಅಪರಿಗ್ರಹದ ಮೊದಲ ಪಾಠವನ್ನು ಮಗು ಹೀಗೆ ಆಟದ ನಡುವೆಯೇ ಕಲಿಯುತ್ತದೆ.