ತಂದೆಯ ಹೆಸರು

ನಿಕಾಹ್‌ನ ವೇಳೆ ಖಾಝಿಯವರು ನಿಮ್ಮನ್ನು ಹೇಗೆ ಹೆಸರಿಸಿದರೆಂದು ನೆನಪಿದೆಯೇ? ಇಂತಹವರ ಮಗಳು ಎಂದು. ಮಾರೇನಹಳ್ಳಿಯ ಒಂದು ಮನೆಯಲ್ಲಿ ನಿಕಾಹ್ ಆಗಿ ತಿಂಗಳೂ ತುಂಬಿರಲಿಲ್ಲ, ಸೊಸೆಯ ಹೆಸರಿನ ಕೊನೆಯಲ್ಲಿದ್ದ ತಂದೆಯ ಹೆಸರು ತೆಗೆದು ಗಂಡನದನ್ನು ಹಾಕಿ ಪಾಸ್‌ಪೋರ್ಟ್ ಮಾಡಿಸುವ ಮಾತೆದ್ದಿತು. ಅವಳು ಸುಮ್ಮನಿದ್ದಳು.

ಪ್ರವಾದಿಯವರು(ಸ) ಸಾಕಿದ ಝೈದ್‌ರನ್ನು(ರ) ಜನರು ಮುಹಮ್ಮದರ ಮಗ ಎನ್ನುತ್ತಿದ್ದರು. ಸಾಕುಮಕ್ಕಳನ್ನು ಅವರವರ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬ ಆದೇಶ ಅಹ್‌ಝಾಬ್ ಅಧ್ಯಾಯದ 5ನೇ ಸೂಕ್ತದಲ್ಲಿ ಬಂದ ಮೇಲೆ ಅವರು ಪುನಃ ಹಾರಿಸರ ಮಗ ಝೈದ್ ಆದರು. ಮದುವೆಯಾದ ಹೆಣ್ಣುಮಕ್ಕಳಿಗೂ ಅದೇ ರೂಢಿಯಿತ್ತು. ಹಝ್ರತ್ ಆಯಿಶಾ(ರ) ಅಬೂಬಕರ್‌ರ(ರ) ಮಗಳಾಗಿಯೇ, ಹಫ್ಸಾ(ರ) ಉಮರ್‌ರ(ರ) ಮಗಳಾಗಿಯೇ ಉಳಿದರು. ಅವರ ಪತಿಗಿಂತ ದೊಡ್ಡ ಹೆಸರು ಯಾವುದಿತ್ತು?

ಇಂತಹವರ ಪತ್ನಿ ಎಂದು ಬರೆಸಿದರೆ ತಪ್ಪೇನಿಲ್ಲ. ನೂಹರ ಪತ್ನಿ, ಫಿರ್‌ಔನನ ಪತ್ನಿ ಎಂದು ಕುರ್‌ಆನ್ ಕೂಡಾ ಗುರುತಿಸಿದೆ. ಅದರಿಂದ ವಂಶ ಬದಲಾಗುವುದಿಲ್ಲ. ಸರಕಾರದ ಬಲವಂತವೂ ಇಲ್ಲ. ಪಾಸ್‌ಪೋರ್ಟಿಗಾಗಿ ವಿವಾಹಿತೆಯರು ಹೆಸರು ಬದಲಿಸಬೇಕಾಗಿಲ್ಲವೆಂದು 2017ರಲ್ಲಿ ಪ್ರಧಾನಿಯೇ ಸ್ಪಷ್ಟಪಡಿಸಿದರು.

ಸಹೋದರರೇ, ನೀವು ಕೊಟ್ಟ ಮಹ್ರ್ ಅವಳ ಹಕ್ಕು. ಅದು ಅವಳ ತಂದೆಯ ಹೆಸರಿಗೆ ಕಟ್ಟಿದ ಬೆಲೆಯೆಂದು ತಿಳಿದಿರಾ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ಹೆಸರಾದರೆ ಕಚೇರಿ ಅಲೆಯುವವಳೂ ಅವಳೇ. ಅರ್ಜಿ ತುಂಬುವ ಮುನ್ನ ಅವಳನ್ನೊಮ್ಮೆ ಕೇಳಿ. ಮಾರೇನಹಳ್ಳಿಯಲ್ಲಿ ಕೇಳಿದವರು ಮಾವ.

“ಅಬ್ಬಾರ ಹೆಸರೇ ಇರಲಿ” ಎಂದಳು ಸೊಸೆ.