ದೊಡ್ಡವ್ವನ ಪಗಾರ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ಶಿವಗಣಾರಾಧನೆಯ ಪತ್ರಿಕೆ ನಮಗೆ ಅನ್ನ ಹಾಕುತ್ತವೆ. ಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ಸತ್ತವರಿಗೆ ಬೇಕಾದ ಮಾತುಗಳು ನಮ್ಮಲ್ಲಿ ತಯಾರಾಗಿಯೇ ಇರುತ್ತವೆ. ಗಂಡಸಾದರೆ ಕಾಯಕಯೋಗಿ, ಹೆಂಗಸಾದರೆ ತ್ಯಾಗಮಯಿ. ಹೆಸರು, ಫೋಟೊ, ತಾರೀಖು ಬದಲಿಸಿದರೆ ಕೆಲಸ ಮುಗಿಯಿತು. ದೊಡ್ಡವ್ವ ಲಿಂಗೈಕ್ಯಳಾದಾಗ ನನ್ನ ತಮ್ಮ ಬರೆದು ತಂದ ಚೀಟಿಯಲ್ಲೂ ಅದೇ: ತ್ಯಾಗಮಯಿ, ಸೇವಾಮೂರ್ತಿ, ಬಿಳಿಯುಡುಗೆಯ ದೇವತೆ. ಊರ ಮಂದಿಗೆಲ್ಲ ಎರಡನೇ ಸಲ ಓದದೆ ಛಾಪಿಸಿ ಕೊಟ್ಟ ಮಾತುಗಳು ಆಕೆಯ ಹೆಸರಿನ ಕೆಳಗೆ ಮಾತ್ರ ಕೂಡಲಿಲ್ಲ.

ಆಕೆ ನನ್ನ ಅವ್ವನ ಅಕ್ಕ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಗಾಜಿನ ಸಿರಿಂಜು ಕುದಿಸಿ ಕುದಿಸಿ ಬಳಸುತ್ತಿದ್ದ ದಿನಗಳಲ್ಲಿ ಸೇರಿದವಳು, 58ಕ್ಕೆ ನಿವೃತ್ತಳಾದಳು. ಲಗ್ನ ಆಗಲಿಲ್ಲ. ತಮ್ಮಂದಿರ ಸಲುವಾಗಿ ಬಾಳು ಸವೆಸಿದಳು ಎಂದು ಬೀಗರು ಬಿಜ್ಜರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಕೆ ಹೇಳುತ್ತಿದ್ದದ್ದೇ ಬೇರೆ: “ನೋಡಾಕ ಬಂದ ಗಂಡುಗೋಳು ನೌಕರಿ ಬಿಡು ಅಂದ್ವು. ನಾ ಗಂಡುಗೋಳನ್ನ ಬಿಟ್ಟೆ.” ಇದನ್ನು ಹೇಳಿ ಜೋರಾಗಿ ನಗುತ್ತಿದ್ದಳು. ಅಂಥ ನಗೆಯನ್ನು ತ್ಯಾಗದ ಲೆಕ್ಕಕ್ಕೆ ಹಾಕುವುದು ಹೇಗೆ?

ನಮ್ಮದು ಲಿಂಗಾಯತ ಮನೆತನ. ಪಂಚಸೂತಕ ಇಲ್ಲವೆನ್ನುವುದು ನಮ್ಮ ಧರ್ಮದ ಹೆಮ್ಮೆ. ಜನನ, ಮರಣ, ಮುಟ್ಟು, ಎಂಜಲು, ಜಾತಿ ಇವು ಯಾವುವೂ ಇಷ್ಟಲಿಂಗ ಧರಿಸಿದವರಿಗೆ ಮೈಲಿಗೆಯಲ್ಲ. ವಯಸ್ಸಾದ ಮೇಲೆ ನನಗೆ ಹೊಳೆದದ್ದೇನೆಂದರೆ, ಈ ಐದೂ ಒಬ್ಬ ನರ್ಸಿನ ದಿನದ ಕೆಲಸ. ಬೆಳಗ್ಗೆ ಹೆರಿಗೆ, ಮಧ್ಯಾಹ್ನ ಹೆಣ, ನಡುವೆ ರಕ್ತ, ಯಾರೋ ಕುಡಿದುಬಿಟ್ಟ ಗಂಜಿಯ ಬಟ್ಟಲು, ಹಾಸಿಗೆಯಲ್ಲಿ ಮಲಗಿದವರ ಜಾತಿ ಕೇಳದ ಕೈ. ಮಠದಲ್ಲಿ ಪುರಾಣ ಕೇಳಿ ಬಂದ ನಮ್ಮ ಆಯಿ ಮಾತ್ರ, ಮಗಳು ಡ್ಯೂಟಿ ಮುಗಿಸಿ ಬಂದರೆ ಹಿತ್ತಲ ಬಚ್ಚಲಲ್ಲಿ ಮಿಂದು ಸೀರೆ ಬದಲಿಸುವ ತನಕ ಒಲೆಯ ಕಡೆ ಬಿಡುತ್ತಿರಲಿಲ್ಲ. ಆಕೆಯ ಪಗಾರದಲ್ಲಿ ತಂದ ಜೋಳ ಮಾತ್ರ ನೆಟ್ಟಗೆ ಒಳಗೆ ಹೋಗುತ್ತಿತ್ತು. ದೊಡ್ಡವ್ವ ಜಗಳ ಕಾಯಲಿಲ್ಲ. “ಸ್ನಾನ ಒಳ್ಳೇದ, ಸೋಂಕು ಮನ್ಯಾಗ ಬರೂದಿಲ್ಲ. ಆದ್ರ ಅದಕ್ಕ ಮೈಲಿಗಿ ಅನಬ್ಯಾಡ, ಯವ್ವಾ” ಎಂದಳಂತೆ. ಶಾಸ್ತ್ರ ತಿಳಿದ ಮನೆಯಲ್ಲಿ ಶಾಸ್ತ್ರವನ್ನು ಬಾಳಿದವಳು ಒಬ್ಬಳೇ. ಆಕೆಯನ್ನೇ ಹಿತ್ತಲಿಗೆ ಕಳಿಸಿದೆವು.

ಪಗಾರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ತಕರಾರು ಇರುವುದು ಅಲ್ಲೇ. ದೊಡ್ಡವ್ವ ನೋಟುಗಳನ್ನು ಎರಡು ಸಲ ಎಣಿಸುತ್ತಿದ್ದಳು. ತಡವಾದರೆ ಕ್ಲಾರ್ಕನ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಒಂದು ಪಾಲು ಮನೆಗೆ, ಒಂದು ಪೋಸ್ಟಾಫೀಸಿಗೆ, ಒಂದು ಪುಟ್ಟ ಪಾಲು ಯಾರಿಗೆ ಹೋಗುತ್ತಿತ್ತೋ ಹೇಳುತ್ತಿರಲಿಲ್ಲ. ಸೇವೆ ಮಾಡುವವರು ದುಡ್ಡಿನ ಮಾತು ಆಡಬಾರದು ಎಂದು ಹಿರಿಯರೊಬ್ಬರು ಉಪದೇಶಿಸಿದಾಗ, “ಪುಕ್ಕಟೆ ಮಾಡಾಕ ನಾ ಏನ ದೇವರೇನ್ರೀ?” ಎಂದು ಕೇಳಿದ್ದು ನನ್ನೆದುರಿಗೇ.

ಫಲದ ಆಸೆ ಬಿಟ್ಟು ಕರ್ಮ ಮಾಡು ಎನ್ನುವ ಗೀತೆಯ ದಾರಿ ದೊಡ್ಡದು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಕಾಯಕ ಎಂದರೆ ಅದೇ ಎಂದು ಭಾಷಣ ಮಾಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಶರಣರು ಫಲ ಬಿಡಲಿಲ್ಲ, ದುಡಿದು ಪಡೆದರು, ಪಡೆದದ್ದನ್ನು ಹಂಚಿದರು. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ವಾಪಸು ಕಳಿಸಿದಳು. ಆ ಮನೆಯಲ್ಲೂ ಲೆಕ್ಕ ಇತ್ತು ಎಂದಾಯಿತಲ್ಲ! ಎಷ್ಟು ತನ್ನದು, ಎಷ್ಟು ತನ್ನದಲ್ಲ ಎಂದು ತಿಳಿಯದೆ ಹೆಚ್ಚಾಯಿತೆಂದು ಹೇಳುವುದಾದರೂ ಹೇಗೆ? ನುಲಿಯ ಚಂದಯ್ಯನ ಕಥೆ ಇನ್ನೂ ಖಾರ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಮೈಮೇಲಿನ ಇಷ್ಟಲಿಂಗ ಜಾರಿ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ, ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಬೆನ್ನು ಹತ್ತಿ ಬಂತಂತೆ. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಈ ಕಥೆಯನ್ನು ದೊಡ್ಡವ್ವನಿಗೆ ಹೇಳಿದರೆ ಆಕೆಗೆ ಅದರಲ್ಲಿ ಸೋಜಿಗ ಕಾಣಲಿಲ್ಲ. “ಪೂಜಿಗಿ ಹೊತ್ತಾತು ಅಂತ ಸಲಾಯಿನ್ ನಿಲ್ಲಿಸಾಕ ಬರ್ತೈತೇನು?”

ವೈದ್ಯ ಸಂಗಣ್ಣ ಶರಣರಲ್ಲಿ ಔಷಧ ಕೊಡುವವನು, ಸೂಜಿಕಾಯಕದ ರಾಮಿತಂದೆ ಹೊಲಿಯುವವನು. ದೊಡ್ಡವ್ವನಿಗೆ ಎರಡೂ ಕಾಯಕ ಬೇಕಾಯಿತು. ರಾತ್ರಿ ಪಾಳಿಯ ಹಗಲುಗಳಲ್ಲಿ, ನಿದ್ದೆ ಹತ್ತದಿದ್ದರೆ, ಕಸೂತಿ ಹಿಡಿದು ಕೂರುತ್ತಿದ್ದಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಇಳಿಸಬೇಕು. ಗವಂತಿ ಹೊಲಿಗೆಯಲ್ಲಿ ದಾರ ಹೋಗುವಾಗ ಒಂದು ಮನೆ ತುಂಬಿ ಒಂದು ಮನೆ ಬಿಡುತ್ತದೆ, ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಮರಳುವ ದಾರಿ ಮೊದಲೇ ತಲೆಯಲ್ಲಿ ಇರದಿದ್ದರೆ ತೇರಿನ ಚಿತ್ತಾರದ ನಡುವೆ ಸಿಕ್ಕಿಹಾಕಿಕೊಳ್ಳಬೇಕಾದೀತು. ಗಂಟು ಹಾಕುವಂತಿಲ್ಲ. ನೆಟ್ಟಗೆ ಬಂದರೆ ಸೆರಗು ಮಗುಚಿದಾಗಲೂ ಅದೇ ಗೋಪುರ, ಅದೇ ತೇರು. ಚಂದ್ರಕಾಳಿ ಸೀರೆಯ ಮೇಲೆ ಆಕೆ ತೆಗೆದ ಆನೆಯೊಂದರಲ್ಲಿ ಕಾಲಿನ ಹತ್ತಿರ ಒಂದೆಳೆ ತಪ್ಪಿತ್ತು. ಮುಂದಿನಿಂದ ಯಾರಿಗೂ ಕಾಣುತ್ತಿರಲಿಲ್ಲ. ಕನ್ನಡಕ ಏರಿಸಿ, ಸೂಜಿಯ ತುದಿಯಿಂದ ಅಂಬಾರಿಯ ತನಕ ಹಿಂದಕ್ಕೆ ಬಿಚ್ಚಿದಳು.

ವಾರ್ಡಿನಲ್ಲೂ ಹೊಸ ಹುಡುಗಿಯರಿಗೆ ಆಕೆ ಮೊದಲು ಹೇಳಿಕೊಡುತ್ತಿದ್ದುದು ರೋಗಿಯ ಬೆನ್ನು ನೋಡುವುದನ್ನು. ಮುಖವನ್ನು ನೋಡಲು ಬಂದವರೆಲ್ಲ ನೋಡುತ್ತಾರೆ. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ಮೊಣಕೈಯಲ್ಲಿ ಚರ್ಮ ಕೆಂಪಾಗಿದೆಯೇ ಎಂದು ನೋಡುವವಳು ನರ್ಸು ಮಾತ್ರ. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಬೇಕು, ಹಾಸಿಗೆಯ ಸುಕ್ಕು ಎಳೆಯಬೇಕು, ಒದ್ದೆ ತೆಗೆಯಬೇಕು. ಇಷ್ಟು ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಆ ಕೆಲಸದ ಫಲ, ಅದನ್ನು ಯಾರೂ ಹೊಗಳುವುದಿಲ್ಲ. ಬಿಟ್ಟರೆ ಹುಣ್ಣು ಎಲುಬಿಗೆ ಇಳಿಯುತ್ತದೆ. ಸೆರಗಿನ ಹಿಂಬದಿಗೂ ರೋಗಿಯ ಬೆನ್ನಿಗೂ ನಂಟು ಹಚ್ಚಿದ್ದು ನಾನು, ದೊಡ್ಡವ್ವನಲ್ಲ. ಆಕೆಗೆ ಅಂಥ ಮಾತು ಕೇಳಿದರೆ ಬೇಸರ ಬರುತ್ತಿತ್ತು.

ನಿವೃತ್ತಿಯ ಮೇಲೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕೌದಿ ಹೊಲಿಯಲು ಶುರುಮಾಡಿದಳು. ಆಸ್ಪತ್ರೆಯ ಪಡಸಾಲೆಯಲ್ಲಿ ರೋಗಿಯ ಕಡೆಯವರು ಬರೀ ನೆಲದ ಮೇಲೆ, ಪೇಪರು ಹಾಸಿ ಮಲಗುವುದನ್ನು ಆಕೆ ನೌಕರಿಯುದ್ದಕ್ಕೂ ಕಂಡಿದ್ದಳು. ಹಳೆ ಸೀರೆ, ಧೋತರ, ಹರಿದ ಚಾದರ ಮನೆಮನೆಯಿಂದ ಬಂದವು. ನಾಲ್ಕು ಪದರ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಯುವುದು. ಮೊದಲ ಬ್ಯಾಚು ಆಸ್ಪತ್ರೆಗೆ ಹೋದಾಗಲೇ ಗಲಾಟೆ. ಹೊಲಿದವರಿಗೆ ಕೂಲಿ ಕೊಡಬೇಕೆಂದು ಈಕೆಯ ಪಟ್ಟು, ಪುಣ್ಯದ ಕೆಲಸಕ್ಕೆ ಕೂಲಿ ಏಕೆಂದು ದಾನಿಗಳ ಪ್ರಶ್ನೆ. ದಾನಿಗಳ ಮನೆಯಲ್ಲಿ ಅವತ್ತಿನ ಒಲೆ ಉರಿದಿತ್ತು, ಹೊಲಿಯುವವರಲ್ಲಿ ಕೆಲವರ ಮನೆಯಲ್ಲಿ ಉರಿಯಬೇಕಿತ್ತು. ಕೊನೆಗೆ ಈಕೆ ಕಂಡುಕೊಂಡ ದಾರಿ: ಎರಡು ಕೌದಿ ಮಾರಾಟಕ್ಕೆ, ಒಂದು ಆಸ್ಪತ್ರೆಗೆ; ಕೂಲಿ ಮೂರಕ್ಕೂ. ಒಬ್ಬ ದಾನಿ ಮುನಿಸಿಕೊಂಡು ಹೋದರು. ಹೋಗಲಿ ಬಿಡಿ.

ಮೇ 12, ನರ್ಸುಗಳ ದಿನ. ಫ್ಲಾರೆನ್ಸ್ ನೈಟಿಂಗೇಲಳ ಫೋಟೊದ ಮುಂದೆ ದೀಪ ಹಚ್ಚುತ್ತಾರೆ, ಆಕೆಯ ಕೈಯಲ್ಲೂ ದೀಪ. ಆಕೆ ದುಡಿದ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು. 1855ರಲ್ಲಿ ಚರಂಡಿ ತೆಗೆದು, ಗಾಳಿ ಆಡುವಂತೆ ಮಾಡಿದ ಮೇಲೆ ಸಾವು ಇಳಿಯಿತು. ಆಕೆ ಸಾವಿನ ಲೆಕ್ಕವನ್ನು ಚಿತ್ರ ಬರೆದು ಸರ್ಕಾರದ ಮುಂದೆ ಹಿಡಿದವಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಶಾಲೆ ತೆರೆದದ್ದು ಇದು ಕಲಿತು ಮಾಡುವ ಉದ್ಯೋಗ ಎಂದು ತಿಳಿದೇ. ಚರಂಡಿ, ಲೆಕ್ಕ, ಶಾಲೆ ಎಲ್ಲ ಬಿಟ್ಟು ನಾವು ಉಳಿಸಿಕೊಂಡದ್ದು ದೀಪವನ್ನು. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಕೊರೊನಾ ಕಾಲದ ಆಸ್ಪತ್ರೆಯವರಿಗೆಂದು ದೇಶವೆಲ್ಲ ತಟ್ಟೆ ಬಡಿಯುವಾಗ ದೊಡ್ಡವ್ವ ಗ್ಯಾಲರಿಗೆ ಬಂದು ನೋಡಿದಳು. “ಛಲೋ ಆತು. ಕಾಂಟ್ರ್ಯಾಕ್ಟ್ ಹುಡುಗ್ಯಾರ ಪಗಾರ ಯಾವಾಗ ಆಗ್ತೈತಂತ?” ಎಂದು ಕೇಳಿ ಒಳಗೆ ಹೋದಳು.

ಹಾಗಾದರೆ ಕರುಣೆಗೆ ಜಾಗವೆಲ್ಲಿ, ಎಲ್ಲವೂ ಪಗಾರದಷ್ಟೇ ಕೆಲಸವೇ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಸುಟ್ಟ ಗಾಯದಿಂದ ಬಂದಿದ್ದ, ಕಡೆಯವರು ಯಾರೂ ಇಲ್ಲದ ಹೆಂಗಸೊಬ್ಬಳ ಹತ್ತಿರ ದೊಡ್ಡವ್ವ ಡ್ಯೂಟಿ ಮುಗಿದ ಮೇಲೂ ಬೆಳತನಕ ಕೂತದ್ದುಂಟು. ಅದಕ್ಕೆ ಯಾವ ರಜಿಸ್ಟರಿನಲ್ಲೂ ಕಾಲಮ್ಮಿಲ್ಲ. ನನಗೆ ತಿಳಿದಂತೆ ದಾಸೋಹ ಅಂದರೆ ಅದು. ಆಕೆಯ ಪಗಾರದ ಆ ಪುಟ್ಟ ಪಾಲಿನ ಹಾಗೆ, ಯಾರಿಗೆ ಕೊಡಬೇಕೆಂದು ಆಕೆಯೇ ನಿರ್ಧರಿಸಿದ್ದು. ಅದನ್ನೇ ಎಲ್ಲ ನರ್ಸುಗಳಿಂದ ಎಲ್ಲ ದಿನವೂ ಬಯಸಿ, ಕೊಟ್ಟವರನ್ನು ದೇವತೆ ಎಂದು ಕರೆದರೆ, ನಾವು ಬಿಟ್ಟಿ ಚಾಕರಿ ಮಾಡಿಸಿಕೊಳ್ಳುತ್ತಿದ್ದೇವೆ. ಗಂಡಸಿನ ದುಡಿಮೆ ಯೋಗ, ಹೆಂಗಸಿನ ದುಡಿಮೆ ತ್ಯಾಗ ಎಂದು ನನ್ನ ಪ್ರೆಸ್ಸಿನಲ್ಲೇ ಇಷ್ಟು ವರ್ಷ ಪಾಲು ಹಂಚಿಟ್ಟದ್ದರ ಹಿಂದೆಯೂ ಇದೇ ಲಾಭ ಇದ್ದಿರಬೇಕು.

ಕೊನೆಯ ತಿಂಗಳುಗಳಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಳು. ನೋಡಿಕೊಳ್ಳಲು ಹಳ್ಳಿಯ ಕಡೆಯ ಹುಡುಗಿಯೊಬ್ಬಳನ್ನು ಇಟ್ಟೆವು. ಮೊದಲ ವಾರವೆಲ್ಲ ದೊಡ್ಡವ್ವ ಆಕೆಗೆ ಬೆನ್ನು ನೋಡುವುದನ್ನು ಕಲಿಸಿದ್ದು, ಮಲಗಿದಲ್ಲಿಂದಲೇ, ತನ್ನದೇ ಬೆನ್ನು ತೋರಿಸಿ. ಹುಡುಗಿ ಜಾಣೆ, ಒಂದು ಹುಣ್ಣೂ ಏಳಗೊಡಲಿಲ್ಲ. ಹಬ್ಬಕ್ಕೆ ಆಕೆ ಪಗಾರ ಹೆಚ್ಚಿಸಿರೆಂದಾಗ ನನ್ನ ತಮ್ಮ ನಗುತ್ತಾ, “ನೀ ಏನ ಹೊರಗಿನಾಕೀನ? ಮನೀ ಮಗಳಿದ್ದಂಗ ಇದ್ದೀ” ಎಂದ. ದೊಡ್ಡವ್ವ ಮಲಗಿದಲ್ಲೇ ಕಣ್ಣು ತೆರೆದಳು.

“ಹಂಗಾರ ಆಸ್ತ್ಯಾಗ ಪಾಲು ಬರಿ” ಎಂದಳು.

ಮುಂದಿನ ತಿಂಗಳಿಂದ ಪಗಾರ ಹೆಚ್ಚಾಯಿತು.