ಯಾರ ಜಾಮೀನು?

1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬರುವ ತನಕ ನಮ್ಮ ಕಡೆಯ ಹುಡುಗರು ಡಿಗ್ರಿಗಾಗಿ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲೇ. ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದ ಕಾಲ ಅದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಉಂಡದ್ದಕ್ಕೆ ಯಾರೂ ಚೀಟಿ ಬರೆಸಿಕೊಳ್ಳುತ್ತಿರಲಿಲ್ಲ.

ಆಗಿನ ಬಿಜಾಪುರ ಜಿಲ್ಲೆಯಿಂದ ನಾನು ಎಂ.ಕಾಂ. ಓದಲು ಇಲ್ಲಿಗೆ ಬಂದದ್ದು 1981ರಲ್ಲಿ. ಅಷ್ಟೊತ್ತಿಗೆ ವಾರಾನ್ನ ಹೋಗಿ ಖಾನಾವಳಿ ಬಂದಿತ್ತು. ಸದಾಶಿವ ಪೇಠೆಯ ಹಳೇ ವಾಡೆಯೊಂದರ ಖೋಲಿಯಲ್ಲಿ ನಾವು ನಾಲ್ವರಿದ್ದೆವು. ಊಟ ಕೆಳಗಿನ ಕಾಕು ಹತ್ತಿರ. ಜೋಳದ ರೊಟ್ಟಿಯ ಹೊಟ್ಟೆಗೆ ಬೆಲ್ಲ ಹಾಕಿದ ಆಮಟಿ ಒಗ್ಗಲು ತಿಂಗಳು ಹಿಡಿಯಿತು. ಎರಡನೆಯ ವರ್ಷ ಊರಲ್ಲಿ ಬೆಳೆ ಕೈಕೊಟ್ಟು ಅಪ್ಪನ ಮನಿಆರ್ಡರ್ ನಿಂತಿತು. ಮೂರು ತಿಂಗಳ ಬಾಕಿ ಆಯಿತು. ನಾಚಿಕೆಯಿಂದ ಎರಡು ದಿನ ಊಟಕ್ಕೆ ಇಳಿಯಲಿಲ್ಲ. ಮೂರನೆಯ ದಿನ ಕಾಕು ಮೆಟ್ಟಿಲು ಹತ್ತಿ ಬಂದು, "ದುಡ್ಡು ಬಂದಾಗ ಕೊಡು. ತಾಟು ಹಾಕೀನಿ, ನಡಿ" ಎಂದು ಮರಾಠಿಯಲ್ಲಿ ಗದರಿದರು.

ಬ್ಯಾಂಕಿನ ನೌಕರಿ ಸಿಕ್ಕಿತು. ಮೊದಲ ಸಂಬಳದಲ್ಲೇ ಬಾಕಿ ಕೊಟ್ಟೆ. ಲೆಕ್ಕ ಮುಗಿಯಿತು ಅಂದುಕೊಂಡೆ.

2003ರ ಸುಮಾರಿಗೆ ಪುಣೆಯ ಒಂದು ಶಾಖೆಯಲ್ಲಿದ್ದೆ. 2001ರ ಶಿಕ್ಷಣ ಸಾಲ ಯೋಜನೆಯ ಪ್ರಕಾರ 4 ಲಕ್ಷದ ತನಕ ಅಡಮಾನವಾಗಲಿ ಹೊರಗಿನವರ ಜಾಮೀನಾಗಲಿ ಬೇಕಿರಲಿಲ್ಲ; ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಿದರೆ ಸಾಕು. ಕಲಬುರ್ಗಿ ಕಡೆಯ ಹುಡುಗನೊಬ್ಬ ತಾಯಿಯನ್ನು ಕರೆದುಕೊಂಡು ಬಂದ. "ಇಲ್ಲಿಯವರೊಬ್ಬರ ಜಾಮೀನು ತನ್ನಿ" ಎಂದೆ. ಸಾಲ ಮುಳುಗಿದರೆ ನನ್ನ ಕೊರಳಿಗೆ ಬಂದೀತೆಂಬ ಅಂಜಿಕೆ. "ಈ ಊರಾಗ ನಮಗ ಯಾರ್ ಗುರುತದಾರ್ರೀ, ಸಾಹೇಬ್ರ?" ಎಂದರು ಆ ತಾಯಿ. ಮತ್ತೆ ಅವರು ಬರಲಿಲ್ಲ.

ಕಾಕು ಕೊಟ್ಟದ್ದು ಸ್ವಂತದ್ದು, ಬ್ಯಾಂಕಿನ ದುಡ್ಡು ಠೇವಣಿದಾರರದ್ದು. ಎರಡನ್ನೂ ಹೋಲಿಸಬಾರದು ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮಾತು ಸರಿಯೇ. ಆದರೆ ಠೇವಣಿದಾರರನ್ನು ಕಾಯಲು ನಿಯಮ ಇತ್ತಲ್ಲ? ನಾನು ಕಾಯ್ದದ್ದು ನನ್ನ ಬಡ್ತಿಯನ್ನು. ಪರವೂರಲ್ಲಿ ಗುರುತಿಲ್ಲದವರು ನಮ್ಮನ್ನು ನಂಬಿದ ಋಣವನ್ನು ಅವರಿಗೇ ತಿರುಗಿ ಕೊಡಲಾಗದು. ಮುಂದೆ ಬರುವ ಇನ್ನೊಬ್ಬ ಗುರುತಿಲ್ಲದವನಿಗೆ ಕೊಡಬೇಕು. ಆ ಕಂತು ನಾನು ತಪ್ಪಿಸಿದೆ.

ಇಲ್ಲಿಯ ಮೆಸ್ಸುಗಳು ಹೆಚ್ಚಾಗಿ ಭಾನುವಾರ ಸಂಜೆ ಮುಚ್ಚಿರುತ್ತವೆ. ನಮ್ಮ ಬಿಲ್ಡಿಂಗಿನಲ್ಲಿ ಬಾಡಿಗೆಗಿರುವ ಹುಡುಗರನ್ನು ಅವತ್ತು ರೊಟ್ಟಿ ಊಟಕ್ಕೆ ಕರೆಯುತ್ತೇವೆ. ಇದರಿಂದ ಬಾಕಿ ತೀರಿತೆಂದು ಬರೆದುಕೊಳ್ಳಲು ಮಾತ್ರ ಕೈ ಬರುವುದಿಲ್ಲ.